ಜ್ವರದ ದಿನಗಳನ್ನು ಎಣಿಸೋಣ



ರಾಯದುರ್ಗದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. 2021ರ ಮೇ ತಿಂಗಳು, ಕೊರೊನಾದ ಎರಡನೆಯ ಅಲೆ. ಮನೆಯ ಯಜಮಾನ ಜೀನ್ಸ್ ಹೊಲಿಯುವ ಟೈಲರ್. ಮೊದಲು ಅವನಿಗೆ ಸೋಂಕು ತಗಲಿತು, ನಂತರ ಅವನ ತಾಯಿಗೆ. ಏಳು ವರ್ಷದ ಮಗಳಿಗೆ ಒಂದು ದಿನ ಮೈ ಬೆಚ್ಚಗಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಎಲ್ಲರೂ ಚೇತರಿಸಿಕೊಂಡರು. "ದೇವರು ದೊಡ್ಡವನು, ಗಂಡಾಂತರ ಕಳೆಯಿತು" ಎಂದು ಮನೆಯವರು ನಿಟ್ಟುಸಿರು ಬಿಟ್ಟರು.

ಒಂದು ತಿಂಗಳಾದ ಮೇಲೆ ಆ ಹುಡುಗಿಗೆ ಜ್ವರ ಕಾಣಿಸಿಕೊಂಡಿತು. ಮಾತ್ರೆ ಕೊಟ್ಟರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹೊಟ್ಟೆನೋವು, ವಾಂತಿ. ಮೂರನೆಯ ದಿನ ಕಣ್ಣು ಕೆಂಪಾಗಿ ಮೈಮೇಲೆ ಕೆಂಪು ಗುಳ್ಳೆಗಳು ಎದ್ದವು. "ಅಮ್ಮ ಬಂದಾಳೆ. ಸೂಜಿ ಗೀಜಿ ಬ್ಯಾಡ, ಬೇವಿನ ಸೊಪ್ಪು ತಗೊಂಡು ಬಾರಪ್ಪಾ" ಎಂದರು ಅಜ್ಜಿ. ಪಕ್ಕದ ಮನೆಯವರು ಟೈಫಾಯ್ಡ್ ಎಂದರು. ಹೀಗೆ ಇನ್ನೂ ಎರಡು ದಿನ ಕಳೆದವು.

ಇದು ಕಲ್ಪನೆಯ ಮನೆ, ನಿಜ. ಆದರೆ ಅಜ್ಜಿಯ ಆ ಮಾತು ನಮಗೆ ಅಪರಿಚಿತವೇನಲ್ಲ. ನಮ್ಮ ಕ್ರೈಸ್ತ ಮನೆಗಳಲ್ಲೂ ಅದು ಕೇಳಿಬರುತ್ತದೆ. ಸಿಡುಬಿನ ಕಾಲದಿಂದ ಬಂದ ಆ ಭಯಭಕ್ತಿಯನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಆ ಹುಡುಗಿಗೆ ಬಂದಿದ್ದು ಅಮ್ಮನೂ ಅಲ್ಲ, ಟೈಫಾಯ್ಡೂ ಅಲ್ಲ. ಅದು ಹೃದಯಕ್ಕೆ ಕೈಹಾಕುವ ಕಾಯಿಲೆ.

ಕಳ್ಳ ಓಡಿಹೋದ ಮೇಲೆ

ವೈರಾಣು ದೇಹಕ್ಕೆ ಬಂದಾಗ ನಮ್ಮ ರೋಗನಿರೋಧಕ ಶಕ್ತಿ ಅದರೊಂದಿಗೆ ಹೋರಾಡುತ್ತದೆ. ಕೆಲವು ಮಕ್ಕಳಲ್ಲಿ ವೈರಾಣು ಹೋದ ಮೇಲೂ ಆ ಹೋರಾಟ ನಿಲ್ಲುವುದಿಲ್ಲ. ಕಳ್ಳ ಓಡಿಹೋದ ಮೇಲೆ ಕಾವಲುಗಾರ ಮನೆಯವರ ಮೇಲೆಯೇ ದೊಣ್ಣೆ ಬೀಸಿದಂತೆ, ರಕ್ತನಾಳ, ಹೃದಯ, ಕರುಳು, ಚರ್ಮಗಳಲ್ಲಿ ಉರಿಯೂತ ಉಂಟಾಗುತ್ತದೆ. ಕೊರೊನಾ ಸೋಂಕಾದ ಎರಡರಿಂದ ಆರು ವಾರಗಳೊಳಗೆ ಇದು ಕಾಣಿಸಿಕೊಳ್ಳುವುದೇ ಹೆಚ್ಚು. ವೈದ್ಯರು ಇದನ್ನು ಚಿಕ್ಕದಾಗಿ ಎಂಐಎಸ್-ಸಿ ಎನ್ನುತ್ತಾರೆ. ಮಗುವಿಗೆ ಕೊರೊನಾ ಬಂದದ್ದೇ ಗೊತ್ತಾಗದ ಮನೆಗಳಲ್ಲೂ ಇದು ಬಂದದ್ದುಂಟು.

2020ರ ಏಪ್ರಿಲ್ ಕೊನೆಯಲ್ಲಿ ಇಂಗ್ಲೆಂಡಿನ ವೈದ್ಯರು ಮೊದಲು ಎಚ್ಚರಿಕೆ ಕೊಟ್ಟರು. ಇಟಲಿಯ ಬೆರ್ಗಾಮೊ ನಗರದ ಆಸ್ಪತ್ರೆಯೊಂದರಲ್ಲಿ ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಇಂಥ ಲಕ್ಷಣಗಳಿದ್ದ 19 ಮಕ್ಕಳು ಬಂದಿದ್ದರೆ, ಆ ವರ್ಷ ಎರಡೇ ತಿಂಗಳಲ್ಲಿ 10 ಮಕ್ಕಳು ಬಂದರು. ಮೇ 15ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿತು. 2021ರ ಬೇಸಿಗೆಯ ಅಲೆ ಇಳಿದ ಮೇಲೆ ನಮ್ಮ ದೇಶದ ಮಕ್ಕಳ ಆಸ್ಪತ್ರೆಗಳೂ ಇದನ್ನು ಕಂಡವು.

ಜಪಾನಿನ ವೈದ್ಯರ ತಾಳ್ಮೆ

ಇದಕ್ಕೆ ತೀರ ಹತ್ತಿರದ ಕಾಯಿಲೆಯೊಂದು ಮೊದಲೇ ಇತ್ತು. 1961ರಲ್ಲಿ ಟೋಕಿಯೊದ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿಯವರ ಬಳಿಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಊದಿದ ಕೈಕಾಲು. ಯಾವ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ಕವಾಸಾಕಿಯವರು ಅದನ್ನು ಮರೆಯಲಿಲ್ಲ. ಮಗುವಿನ ನಂತರ ಮಗುವನ್ನು ನೋಡಿ ಬರೆದಿಟ್ಟುಕೊಂಡು, 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಇದರಿಂದ ಬಲೂನಿನಂತೆ ಉಬ್ಬಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂಬುದು ಆಮೇಲೆ ತಿಳಿಯಿತು. ಆ ಕಾಯಿಲೆಗೆ ಅವರ ಹೆಸರೇ ಉಳಿದಿದೆ. ಕೊರೊನಾ ನಂತರದ ಈ ಉರಿಯೂತದಿಂದಾಗಿ ಜಗತ್ತೆಲ್ಲ ಅವರ ಹೆಸರು ಹೇಳುತ್ತಿದ್ದಾಗಲೇ, 2020ರ ಜೂನ್‌ನಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕವಾಸಾಕಿ ಕಾಯಿಲೆ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಕೊರೊನಾ ನಂತರದ್ದು ಶಾಲೆಗೆ ಹೋಗುವ ವಯಸ್ಸಿನವರಲ್ಲೇ ಹೆಚ್ಚು. ಅದರಲ್ಲಿ ಹೊಟ್ಟೆನೋವು, ರಕ್ತದೊತ್ತಡ ಕುಸಿತ, ಹೃದಯದ ಸುಸ್ತು ಹೆಚ್ಚು. ಈಗ ಕೊರೊನಾ ನಂತರದ್ದು ಬಹಳ ಅಪರೂಪವಾಗಿದೆ. ಆದರೆ ಕವಾಸಾಕಿ ಹೋಗಿಲ್ಲ. ಆದ್ದರಿಂದಲೇ ಈ ಮಾತು ಹಳೆಯದಾಗಿಲ್ಲ.

ಏನನ್ನು ನೋಡಬೇಕು?

ಕವಾಸಾಕಿಯನ್ನು ಗುರುತಿಸಲು ವೈದ್ಯರು ಜ್ವರ ಐದು ದಿನ ಮುಂದುವರಿದಿದೆಯೇ ಎಂದು ನೋಡುತ್ತಾರೆ. ಕೊರೊನಾ ನಂತರದ್ದಕ್ಕೆ ಮೂರು ದಿನ ಸಾಕು. ತಾಯಂದಿರೇ, ನೀವು ಮೂರನ್ನೇ ನೆನಪಿಟ್ಟುಕೊಳ್ಳಿ. ಮೂರು ದಿನವಾದರೂ ಜ್ವರ ಬಿಡದಿದ್ದರೆ ಮಗುವನ್ನು ಬೆಳಕಿಗೆ ಕರೆತಂದು ನೋಡಿ.

* ಎರಡೂ ಕಣ್ಣು ಕೆಂಪಾಗಿವೆಯೇ, ಆದರೆ ಪಿಸುರು ಇಲ್ಲವೇ?
* ತುಟಿ ಒಡೆದು ನಾಲಿಗೆ ಕೆಂಪಗೆ ದೊರಗಾಗಿದೆಯೇ?
* ಮೈಮೇಲೆ ಗುಳ್ಳೆ ಅಥವಾ ಕೆಂಪು ಕಲೆಗಳಿವೆಯೇ?
* ಅಂಗೈ, ಅಂಗಾಲು ಊದಿವೆಯೇ?
* ಕುತ್ತಿಗೆಯಲ್ಲಿ ಗಡ್ಡೆ ಎದ್ದಿದೆಯೇ?
* ಕೂಸಿನ ತೋಳಿನಲ್ಲಿ ಬಿಸಿಜಿ ಲಸಿಕೆಯ ಗುರುತು ಕೆಂಪಾಗಿದೆಯೇ?

ಇವುಗಳಲ್ಲಿ ಒಂದೆರಡು ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಿ. ಕೈಕಾಲು ತಣ್ಣಗಾಗುವುದು, ಮಂಪರು, ಏದುಸಿರು, ಮೂತ್ರ ಕಡಿಮೆಯಾಗುವುದು ಇದ್ದರೆ ಜ್ವರ ಬಂದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕುತ್ತ ಕೂರಬೇಡಿ, ಆ ಗಳಿಗೆಯೇ ಹೊರಡಿ. ಬೆರಳ ತುದಿಯ ಚರ್ಮ ಸುಲಿಯುವುದನ್ನು ಕಾಯಬೇಡಿ. ಅದು ಎರಡನೆಯ ವಾರದ ನಂತರದ ಮಾತು.

ಹತ್ತು ದಿನಗಳ ಬೆಲೆ

ಚಿಕಿತ್ಸೆ ಇದೆ. ದಾನಿಗಳ ರಕ್ತದಿಂದ ತಯಾರಿಸಿದ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಅಗತ್ಯವಿದ್ದರೆ ಸ್ಟಿರಾಯ್ಡ್ ಸೇರಿಸುತ್ತಾರೆ. ಹೃದಯದ ಸ್ಥಿತಿಯನ್ನು ಎಕೋ ಪರೀಕ್ಷೆಯಲ್ಲಿ ನೋಡುತ್ತಾರೆ. ಕವಾಸಾಕಿಗೆ ಚಿಕಿತ್ಸೆಯೇ ಸಿಗದಿದ್ದರೆ ಸುಮಾರು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಹೃದಯದ ನಾಳ ಉಬ್ಬುತ್ತದೆ. ಜ್ವರ ಆರಂಭವಾದ ಹತ್ತು ದಿನಗಳೊಳಗೆ ಈ ಔಷಧ ಸಿಕ್ಕರೆ ಅದು ನೂರರಲ್ಲಿ ನಾಲ್ಕೈದು ಮಕ್ಕಳಿಗೆ ಇಳಿಯುತ್ತದೆ. ಕಳೆದುಹೋಗುವ ಒಂದೊಂದು ದಿನದ ಬೆಲೆ ಏನೆಂದು ಇದರಿಂದ ತಿಳಿಯುತ್ತದೆ. ಕೊರೊನಾ ನಂತರದ ಉರಿಯೂತದಲ್ಲೂ ಸಕಾಲಕ್ಕೆ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಮಕ್ಕಳು ಚೇತರಿಸಿಕೊಂಡಿದ್ದಾರೆ.

ಔಷಧ ದುಬಾರಿ. ತೂಕದ ಪ್ರತಿ ಕಿಲೋಗೆ ಎರಡು ಗ್ರಾಂ ಲೆಕ್ಕ. 20 ಕಿಲೋ ಮಗುವಿಗೆ 40 ಗ್ರಾಂ ಬೇಕು. ಆದ್ದರಿಂದ ಆಂಧ್ರದ ಆರೋಗ್ಯ ಯೋಜನೆಯ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ಹೊರಡುವ ಮೊದಲೇ ವಿಚಾರಿಸಿ.

ಗಡಿಯವರಾದ ನಮಗೆ

1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. ಆದರೂ ರಾಯದುರ್ಗದವರ ಕಾಲು ಇಂದಿಗೂ ಬಳ್ಳಾರಿಯ ಕಡೆಗೇ ನಡೆಯುತ್ತದೆ. ಅಲ್ಲಿ ವಿಮ್ಸ್ ಎಂದು ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅನಂತಪುರದ ಕಡೆ ಹೋಗುವವರಿಗೆ, ವಿನ್ಸೆಂಟ್ ಫೆರರ್ ಅವರು ಕಟ್ಟಿದ ಆರ್‌ಡಿಟಿ ಸಂಸ್ಥೆಯ ದೊಡ್ಡ ಆಸ್ಪತ್ರೆ ಬತ್ತಲಪಲ್ಲಿಯಲ್ಲಿದೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಲ್ಲಿಯವರು ಹಿಂದೂಪುರಕ್ಕೋ ತುಮಕೂರಿಗೋ ಹೋಗುತ್ತಾರೆ. ದೊಡ್ಡ ಕಾಯಿಲೆಯಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ.

ಹೀಗೆ ಊರೂರು ಸುತ್ತುವಾಗ ಕಳೆದುಹೋಗುವುದು ಕಾಗದಪತ್ರ. ಒಂದು ಕಡೆಯ ಚೀಟಿ ಇನ್ನೊಂದು ಕಡೆ ಇರುವುದಿಲ್ಲ. ಜ್ವರ ಯಾವತ್ತು ಶುರುವಾಯಿತು ಎಂದು ವೈದ್ಯರು ಕೇಳಿದರೆ ಅಪ್ಪ ಸೋಮವಾರ ಎನ್ನುತ್ತಾನೆ, ಅಮ್ಮ ಶುಕ್ರವಾರ ಎನ್ನುತ್ತಾಳೆ. ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿಡಿ. ಮನೆಯಲ್ಲಿ ಇತ್ತೀಚೆಗೆ ಯಾರಿಗಾದರೂ ಕೊರೊನಾ ಬಂದಿದ್ದರೆ, ಕೇಳದಿದ್ದರೂ ಹೇಳಿ.

ಇನ್ನೂ ಮೂರು ಮಾತು. ಆಸ್ಪತ್ರೆಯಲ್ಲಿ ಕೊಟ್ಟದ್ದು ನೋಡಿ ಮನೆಯಲ್ಲಿ ಮಕ್ಕಳಿಗೆ ನೀವಾಗಿ ಆಸ್ಪಿರಿನ್ ಕೊಡಬೇಡಿ. ವೈದ್ಯರು ಹೇಳಿದ್ದರೆ ನೀವಾಗಿ ನಿಲ್ಲಿಸಲೂಬೇಡಿ. ಮಗು ಆಟವಾಡುತ್ತಿದೆ ಎಂದು ಎರಡನೆಯ ಎಕೋ ತಪ್ಪಿಸಬೇಡಿ. ನಾಳದ ಉಬ್ಬು ನೋವು ಕೊಡದೆಯೇ ಇರಬಲ್ಲದು. ಇಮ್ಯುನೋಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಅಂಗನವಾಡಿಗೆ ಹೋದಾಗ ಆ ಚೀಟಿ ತೋರಿಸಿ.

ನಮ್ಮ ಮನೆಗಳ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಬ್ಬ, ಉಪವಾಸ, ಹಾಲಿನ ಲೆಕ್ಕ ಎಲ್ಲವೂ ಅದರಲ್ಲೇ. ಮುಂದಿನ ಸಲ ಮಗುವಿನ ಹಣೆ ಸುಟ್ಟಾಗ ಆ ತಾರೀಖಿಗೆ ಪೆನ್ನಿನಿಂದ ಒಂದು ಗುರುತು ಹಾಕಿ. ಮೂರು ಗುರುತಾದರೆ ಮಗುವನ್ನು ಎತ್ತಿಕೊಂಡು ಹೊರಡಿ. ಪ್ರಾರ್ಥನೆಯನ್ನು ಬಸ್ಸಿನಲ್ಲಿಯೂ ಮಾಡಬಹುದು.