ಸ್ಯಾಕ್ಸೊಫೋನ್‌ಗೂ ಹಲ್ಲಿನ ಸೆಟ್‌ಗೂ ಏನು ಸಂಬಂಧ? ಒಂದು ಗಟ್ಟಿ ರಬ್ಬರಿನ ಕಥೆ

ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಈ ವಾರದ ಎಪಿಸೋಡ್ ಬರಹದಲ್ಲಿ ಇಲ್ಲಿದೆ. ಈ ಸಲದ ಕಥೆ ಶುರುವಾಗಿದ್ದು ಒಂದು ಕೆಟ್ಟ ವಾಸನೆಯಿಂದ.

ಭಾನುವಾರ ಸಂಜೆ ನಾವು ಐದು ಜನ ಸೇರಿ ಏನಾದ್ರೂ ನುಡಿಸ್ತೀವಿ. ಯಾರೂ ಪ್ರೊಫೆಷನಲ್ ಅಲ್ಲ. ಅರ್ಧ ಗಂಟೆ ಸಂಗೀತ, ಎರಡು ಗಂಟೆ ಹರಟೆ. ಹೆಸರು ಹೇಳಬೇಡ ಅಂದಿದ್ದಾರೆ, ಹಾಗಾಗಿ ವಾದ್ಯದ ಹೆಸರಲ್ಲೇ ಕರೀತೀನಿ. ಕೀಬೋರ್ಡ್, ತಬಲಾ, ವಯಲಿನ್, ಸ್ಯಾಕ್ಸ್. ಗಿಟಾರಲ್ಲಿ ನಾಲ್ಕೇ ನಾಲ್ಕು ಕಾರ್ಡ್ ಗೊತ್ತಿರೋನು ನಾನು. ವಯಲಿನ್ ಈಗಷ್ಟೇ ಬಿಡಿಎಸ್ ಮುಗಿಸಿದ ಹಲ್ಲಿನ ಡಾಕ್ಟರ್. ಸ್ಯಾಕ್ಸ್ ಮಂಗಳೂರು ಕಡೆಯವನು. ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೊಫೋನನ್ನ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ನಾಡು ಅದು. ಅಲ್ಲಿ ಮದುವೆ, ಉತ್ಸವಗಳಲ್ಲಿ ಈ ವಾದ್ಯ ಕೇಳೋದು ಮಾಮೂಲಿ.

ಅವತ್ತು ಸ್ಯಾಕ್ಸ್ ತನ್ನ ಮೌತ್‌ಪೀಸನ್ನ, ಅಂದ್ರೆ ಬಾಯಿಗಿಟ್ಟು ಊದೋ ಕಪ್ಪು ಭಾಗವನ್ನ, ಕುದಿಯೋ ನೀರಲ್ಲಿ ತೊಳೆದುಬಿಟ್ಟ. ಹೊಳೆಯೋ ಕಪ್ಪು ಬಣ್ಣ ಹೋಗಿ ಖಾಕಿ ಹಸಿರಾಯ್ತು. ಜೊತೆಗೆ ವಾಸನೆ.

"ಎಂತ ಮಾರಾಯ ಇದು, ಪಟಾಕಿ ಸುಟ್ಟ ಹಾಗೆ ನಾತ!" ಅಂದ.

ವಯಲಿನ್ ನಕ್ಕಳು. "ಅದು ಗಂಧಕ ಕಣೋ. ಇದು ಎಬೊನೈಟ್, ಗಟ್ಟಿ ರಬ್ಬರು. ಬಿಸಿನೀರು, ಬಿಸಿಲು ಎರಡೂ ಆಗಲ್ಲ ಇದಕ್ಕೆ. ಒಂದು ಕಾಲದಲ್ಲಿ ಹಲ್ಲಿನ ಸೆಟ್ ಮಾಡ್ತಿದ್ದಿದ್ದು ಇದರಲ್ಲೇ, ಗೊತ್ತಾ?"

ಹಲ್ಲು ಅಂದ ತಕ್ಷಣ ಸ್ಯಾಕ್ಸ್ ಮುಖ ಸಪ್ಪೆ ಆಯ್ತು. ಆಮೇಲೆ ಬಾಯಿಬಿಟ್ಟ. ಎರಡು ತಿಂಗಳಿಂದ ಮೇಲಿನ ಮುಂದಿನ ಹಲ್ಲು ನೋಯ್ತಾ ಇದೆ, ಮಾತ್ರೆ ನುಂಗಿ ತಳ್ತಾ ಇದ್ದಾನೆ. ಯಾಕೆ ತೋರಿಸಿಲ್ಲ ಅಂದ್ರೆ, ಊರಲ್ಲಿ ಅಕ್ಕನ ಮದುವೆ ಇದೆ, ಅಲ್ಲಿ ಅವನು ನುಡಿಸಬೇಕು. ಸ್ಯಾಕ್ಸೊಫೋನ್ ಊದುವಾಗ ಮೇಲಿನ ಮುಂದಿನ ಹಲ್ಲುಗಳು ಮೌತ್‌ಪೀಸಿನ ಮೇಲೆ ಕೂರುತ್ತವೆ, ಕೆಳತುಟಿ ಕೆಳಗಿನ ರೀಡಿಗೆ ಒತ್ತುತ್ತೆ. ಮುಂದಿನ ಹಲ್ಲು ಹೋದ್ರೆ ಹಿಡಿತವೇ ಹೋದ ಹಾಗೆ.

"ಡಾಕ್ಟರ್ ಹತ್ರ ಹೋದ್ರೆ ಕೀಳ್ತಾರೆ. ನಮ್ಮ ಅಜ್ಜಿಗೆ ಹಾಗೇ ಆದದ್ದು. ನೋವು ಬಂದಾಗೆಲ್ಲ ಒಂದೊಂದು ಕಿತ್ತು, ಕೊನೆಗೆ ಬಾಯಿ ಖಾಲಿ."

ವಯಲಿನ್ ಹೇಳಿದ ಮಾತು ನನ್ನ ತಲೇಲಿ ಕೂತ್ಬಿಡ್ತು. "ನೀನು ಹೆದರ್ತಿರೋದು ಈಗಿನ ಡೆಂಟಿಸ್ಟ್‌ಗಲ್ಲ, ನೂರೈವತ್ತು ವರ್ಷ ಹಿಂದಿನ ಡೆಂಟಿಸ್ಟ್‌ಗೆ."

ಹಾಗಾದ್ರೆ ಆ ಹಳೇ ಡೆಂಟಿಸ್ಟ್ ಯಾರು? ಮನೆಗೆ ಬಂದು ಓದೋಕೆ ಕೂತೆ. ಸಂಗೀತ ಬಂತು, ಲೆಕ್ಕದ ಪುಸ್ತಕ ಬಂತು, ಕೊನೆಗೆ ಒಂದು ಕೊಲೆ ಕೇಸೂ ಬಂತು.

ಕ್ಷೌರದಂಗಡಿಯಲ್ಲಿ ತಂತಿವಾದ್ಯ

ಯುರೋಪಿನಲ್ಲಿ ಬಹುಕಾಲ ಹಲ್ಲು ಕೀಳೋ ಕೆಲಸ ಕ್ಷೌರಿಕರದ್ದಾಗಿತ್ತು, ಇಲ್ಲವೇ ಸಂತೆಯಲ್ಲಿ ಡೋಲು ಬಡಿದು ಜನ ಸೇರಿಸುತ್ತಿದ್ದ ಹಲ್ಲು ಕೀಳುವವರದ್ದು. ಲಂಡನ್ನಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ 1540ರಿಂದ 1745ರವರೆಗೆ ಒಂದೇ ಸಂಘದಲ್ಲಿದ್ದರು. ಆಗಿನ ಇಂಗ್ಲೆಂಡಿನ ಕ್ಷೌರದಂಗಡಿಗಳಲ್ಲಿ ಸಿಟರ್ನ್ ಅನ್ನೋ ತಂತಿವಾದ್ಯವನ್ನ ಗೋಡೆಗೆ ನೇತುಹಾಕಿರುತ್ತಿದ್ದರು. ತನ್ನ ಸರದಿ ಬರೋವರೆಗೆ ಗಿರಾಕಿ ಅದನ್ನ ಮೀಟುತ್ತಾ ಕೂರಬಹುದಿತ್ತು. ನಾವು ವೇಟಿಂಗ್ ರೂಮಲ್ಲಿ ಮೊಬೈಲ್ ತೀಡ್ತೀವಲ್ಲ, ಹಾಗೆ.

ಹಲ್ಲನ್ನ ಉಳಿಸಬಹುದು ಅನ್ನೋ ವಿಚಾರ ಆಗಲೂ ಇತ್ತು. ಪ್ಯಾರಿಸಿನ ಪಿಯರ್ ಫೋಶಾರ್ 1728ರಲ್ಲಿ ಹಲ್ಲಿನ ಚಿಕಿತ್ಸೆ ಬಗ್ಗೆ ಎರಡು ಸಂಪುಟಗಳ ಪುಸ್ತಕವನ್ನೇ ಬರೆದ. ಹುಳುಕನ್ನ ಕೆರೆದು ತೆಗೆದು, ತೂತು ತುಂಬಿ ಹಲ್ಲು ಉಳಿಸೋದು ಹೇಗೆ ಅಂತ ಅದರಲ್ಲಿದೆ. ಆದರೆ ಅಂಥ ಚಿಕಿತ್ಸೆ ಸಿಗುತ್ತಿದ್ದದ್ದು ದುಡ್ಡಿದ್ದವರಿಗೆ. ಉಳಿದವರಿಗೆ ಇಕ್ಕಳವೇ ಗತಿ.

ಯಾರ ಬಾಯಿಯ ಹಲ್ಲು?

ಹಲ್ಲು ಹೋದ ಮೇಲೆ ಏನು? ಶ್ರೀಮಂತರಾದರೆ ನೀರಾನೆಯ ಅಥವಾ ಆನೆಯ ದಂತದಲ್ಲಿ ಕೆತ್ತಿದ ಸೆಟ್ಟು, ಇಲ್ಲವೇ ಚಿನ್ನದ ತಗಡಿಗೆ ಕೂರಿಸಿದ ಹಲ್ಲು. ಕೆಲವು ಸೆಟ್ಟುಗಳಲ್ಲಿ ನಿಜವಾದ ಮನುಷ್ಯರ ಹಲ್ಲುಗಳೇ ಇರುತ್ತಿದ್ದವು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಅವರದ್ದು ಮರದ ಹಲ್ಲು ಅಂತ ಹೇಳ್ತಾರಲ್ಲ, ಅದು ಸುಳ್ಳು. ದಂತ, ಸೀಸ, ಮನುಷ್ಯರ ಹಲ್ಲು ಸೇರಿಸಿ ಮಾಡಿದ ಸೆಟ್ಟುಗಳವು. ನಾನು ಬಿಕಾಂ ಓದಿದವನು, ಲೆಕ್ಕದ ಪುಸ್ತಕ ಅಂದ್ರೆ ಕಣ್ಣು ಅಲ್ಲೇ ನಿಲ್ಲುತ್ತೆ. ವಾಷಿಂಗ್ಟನ್ ಅವರ ಎಸ್ಟೇಟಿನ 1784ರ ಲೆಕ್ಕದಲ್ಲಿ ಒಂದು ಎಂಟ್ರಿ ಇದೆ. ಕರಿಯರಿಂದ ಪಡೆದ 9 ಹಲ್ಲುಗಳಿಗೆ 6 ಪೌಂಡ್ 2 ಶಿಲಿಂಗ್ ಪಾವತಿ. ಅವರು ಅಲ್ಲಿ ಗುಲಾಮರಾಗಿದ್ದವರು. ಬೇಡ ಅನ್ನೋ ಹಕ್ಕೇ ಇಲ್ಲದವರಿಗೆ ದುಡ್ಡು ಕೊಟ್ಟರೆ ಅದನ್ನ ವ್ಯಾಪಾರ ಅಂತ ಕರೆಯಬಹುದಾ? ಈ ಎಂಟ್ರಿ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಸೈನಿಕರ ಹಲ್ಲುಗಳನ್ನೂ ಕಿತ್ತು ಮಾರಿದರು. ಬ್ರಿಟನ್ನಿನಲ್ಲಿ ಅಂಥವಕ್ಕೆ ವಾಟರ್ಲೂ ಹಲ್ಲು ಅಂತಲೇ ಹೆಸರು ಬಂತು.

ನೋವಿಲ್ಲ, ಬೆಲೆಯೂ ಕಮ್ಮಿ

ಹತ್ತೊಂಬತ್ತನೇ ಶತಮಾನದ ನಡುವಿನ ಏಳೆಂಟು ವರ್ಷಗಳಲ್ಲಿ ಈ ಲೆಕ್ಕಾಚಾರವೇ ಬದಲಾಯಿತು. ಮೊದಲು ಬದಲಾದದ್ದು ನೋವು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಲ್ಲಿ ನಗೆ ಅನಿಲದ ಪ್ರದರ್ಶನ ನಡೀತು. ನೈಟ್ರಸ್ ಆಕ್ಸೈಡ್ ಉಸಿರಾಡಿದ ಜನ ಕುಣಿಯೋದನ್ನ ನೋಡಿ ನಗೋ ಕಾರ್ಯಕ್ರಮ ಅದು. ಒಬ್ಬನ ಕಾಲಿಗೆ ಜೋರಾಗಿ ಪೆಟ್ಟಾದರೂ ಅವನಿಗೆ ಗೊತ್ತೇ ಆಗಲಿಲ್ಲ. ಪ್ರೇಕ್ಷಕರಲ್ಲಿ ಹೊರೇಸ್ ವೆಲ್ಸ್ ಅನ್ನೋ ದಂತವೈದ್ಯ ಇದನ್ನ ಗಮನಿಸಿದ. ಮರುದಿನವೇ ತಾನು ಅದೇ ಅನಿಲ ಉಸಿರಾಡಿ ತನ್ನ ಹಲ್ಲನ್ನೇ ಕೀಳಿಸಿಕೊಂಡ.

ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ಎಲ್ಲರೆದುರು ಮಾಡಿ ತೋರಿಸಲು ಹೋದಾಗ ರೋಗಿ ಕೂಗಿದ. ಸೇರಿದ್ದವರು ವೆಲ್ಸನನ್ನ ಗೇಲಿ ಮಾಡಿ ಕಳಿಸಿದರು. ಆದರೆ ಅವನ ಹಳೇ ಪಾಲುದಾರ ವಿಲಿಯಂ ಮಾರ್ಟನ್, ಅವನೂ ದಂತವೈದ್ಯನೇ, 1846ರ ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಗೆದ್ದ. ಅರಿವಳಿಕೆ ಜಗತ್ತಿಗೆಲ್ಲ ಹರಡಿತು. ಅದೇ 1846ರಲ್ಲಿ ಪ್ಯಾರಿಸಿನಲ್ಲಿ ಅಡಾಲ್ಫ್ ಸ್ಯಾಕ್ಸ್ ತನ್ನ ಹೊಸ ವಾದ್ಯಕ್ಕೆ ಪೇಟೆಂಟ್ ಪಡೆದ. ಸ್ಯಾಕ್ಸೊಫೋನ್!

ಎರಡನೇ ಬದಲಾವಣೆ ನಮ್ಮ ವಾಸನೆಯ ರಬ್ಬರು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಬೇಸಿಗೆಗೆ ಕರಗದೆ, ಚಳಿಗೆ ಬಿರಿಯದೆ ಉಳಿಯುತ್ತೆ ಅಂತ ಕಂಡುಕೊಂಡವನು ಚಾರ್ಲ್ಸ್ ಗುಡ್‌ಇಯರ್. ಅದಕ್ಕೆ 1844ರಲ್ಲಿ ಪೇಟೆಂಟ್ ಬಂತು. ಟೈರ್ ಕಂಪನಿ ಅವನದ್ದಲ್ಲ, ಅವನು ಸತ್ತು ಎಷ್ಟೋ ವರ್ಷದ ಮೇಲೆ ಗೌರವಕ್ಕೆ ಅವನ ಹೆಸರಿಟ್ಟುಕೊಂಡರು. ಗಂಧಕವನ್ನ ಇನ್ನೂ ಬಹಳ ಹೆಚ್ಚಿಸಿದರೆ ರಬ್ಬರು ಮರದ ಹಾಗೆ ಗಟ್ಟಿಯಾಗುತ್ತೆ. ಈ ಗಟ್ಟಿ ರಬ್ಬರಿಗೆ ಅವನ ತಮ್ಮ ನೆಲ್ಸನ್ 1851ರಲ್ಲಿ ಪೇಟೆಂಟ್ ಪಡೆದ. ಅದಕ್ಕೇ ಎಬೊನೈಟ್, ವಲ್ಕನೈಟ್ ಅಂತ ಹೆಸರು.

ಇದು ದಂತವೈದ್ಯರಿಗೆ ಯಾಕೆ ವರವಾಯ್ತು? ಹಸಿಯಾಗಿದ್ದಾಗ ಇದು ಕಣಕದ ಹಾಗೆ ಮೆತ್ತಗಿರುತ್ತೆ. ರೋಗಿಯ ಒಸಡಿನ ಅಚ್ಚು ತೆಗೆದು, ಅದರೊಳಗೆ ತುಂಬಿ, ಪಿಂಗಾಣಿ ಹಲ್ಲುಗಳನ್ನ ಕೂರಿಸಿ, ಒತ್ತಡದ ಪಾತ್ರೆಯಲ್ಲಿ ಬೇಯಿಸಿದರೆ ಸಾಕು. ಒಂಥರಾ ಕುಕ್ಕರಲ್ಲಿ ಇಡ್ಲಿ ಬೇಯಿಸಿದ ಹಾಗೆ! ಆ ಬಾಯಿಗೆ ಸರಿಯಾಗಿ ಕೂರೋ ಸೆಟ್ಟು ತಯಾರು. ಒಸಡಿನ ಬಣ್ಣ ಬರಲಿ ಅಂತ ಕೆಂಪು ಬೆರೆಸುತ್ತಿದ್ದರು. ಚಿನ್ನ ಬೇಡ, ದಂತ ಬೇಡ. ಸಾಮಾನ್ಯ ಜನ ಮೊದಲ ಸಲ ಹಲ್ಲಿನ ಸೆಟ್ ಕೊಳ್ಳೋ ಹಾಗಾಯ್ತು. ಬಾಯಲ್ಲಿಟ್ಟರೆ ನೆನೆದು ಉಬ್ಬಲ್ಲ, ಬೇಕಾದ ಆಕಾರಕ್ಕೆ ಕೊರೆಯಬಹುದು. ಹಾಗಾಗಿ ಮೊದಲು ಮರದಲ್ಲಿ ಆಗುತ್ತಿದ್ದ ಕ್ಲಾರಿನೆಟ್, ಸ್ಯಾಕ್ಸೊಫೋನ್ ಮೌತ್‌ಪೀಸಿಗೂ ಇದೇ ಬಂತು.

ಆದರೆ ಇನ್ನೊಂದು ಮುಖವೂ ಇದೆ. ಕೀಳೋದು ನೋವಿಲ್ಲದೆ ಆಗುತ್ತೆ, ಸೆಟ್ಟು ಕಮ್ಮಿ ಬೆಲೆಗೆ ಸಿಗುತ್ತೆ ಅಂದ ಮೇಲೆ ಉಳಿಸೋ ತಾಪತ್ರಯ ಯಾರಿಗೆ ಬೇಕು? ಉಳಿಸಬಹುದಾಗಿದ್ದ ಹಲ್ಲುಗಳನ್ನೂ ಕೀಳಿಸಿ ಸೆಟ್ಟು ಹಾಕಿಸಿಕೊಳ್ಳೋದು ರೂಢಿಯಾಯ್ತು. ನೋವು ಬಂದರೆ ಕೀಳಿಸು ಅನ್ನೋ ಮಾತಿಗೆ ಹೊಸ ಬಲ ಬಂದದ್ದು ಹೀಗೆ.

ಪೇಟೆಂಟ್, ರಾಯಲ್ಟಿ, ಗುಂಡು

ಈಗ ನನ್ನ ಸಬ್ಜೆಕ್ಟ್. ವಲ್ಕನೈಟಿನಲ್ಲಿ ಸೆಟ್ ಮಾಡೋ ವಿಧಾನಕ್ಕೆ ಬಾಸ್ಟನ್ನಿನ ದಂತವೈದ್ಯ ಜಾನ್ ಕಮಿಂಗ್ಸ್ 1864ರಲ್ಲಿ ಪೇಟೆಂಟ್ ಪಡೆದ. ಅದು ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಅನ್ನೋ ಕಂಪನಿಯ ಕೈಗೆ ಹೋಯ್ತು. ಅಲ್ಲಿಂದ ಪ್ರತಿ ದಂತವೈದ್ಯ ವರ್ಷಕ್ಕಿಷ್ಟು ಲೈಸೆನ್ಸ್ ಫೀ, ಮಾಡಿದ ಪ್ರತಿ ಸೆಟ್ಟಿಗೆ ಇಷ್ಟು ರಾಯಲ್ಟಿ ಕಟ್ಟಬೇಕು. ಕಟ್ಟದಿದ್ದರೆ ಕೋರ್ಟು. ಬಡವರ ಬಾಯಿಗೆ ಹಲ್ಲು ತಂದ ದಾರಿಗೆ ಟೋಲ್ ಗೇಟ್ ಹಾಕಿದ ಹಾಗಾಯ್ತು. ದಂತವೈದ್ಯರು ಸೇರಿ ಹೋರಾಡಿದರೂ 1876ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು.

ಕಂಪನಿಯ ಖಜಾಂಚಿ ಜೊಸಾಯಾ ಬೇಕನ್ ಊರೂರು ಸುತ್ತಿ ಕೇಸು ಹಾಕುತ್ತಿದ್ದ. ಸ್ಯಾಮ್ಯುಯೆಲ್ ಚಾಲ್ಫಂಟ್ ಅನ್ನೋ ದಂತವೈದ್ಯ ಇವನಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟು ಊರಿಗೆ ಹೋಗಿ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ. ಬೇಕನ್ ಅಲ್ಲಿಗೂ ಬಂದ. 1879ರ ಏಪ್ರಿಲ್ 13, ಈಸ್ಟರ್ ಭಾನುವಾರ, ಹೋಟೆಲ್ ಕೋಣೆಯಲ್ಲಿ ಚಾಲ್ಫಂಟ್ ಅವನಿಗೆ ಗುಂಡು ಹೊಡೆದು ಕೊಂದ. ಚಾಲ್ಫಂಟ್‌ಗೆ ಹತ್ತು ವರ್ಷ ಜೈಲು. 1881ರಲ್ಲಿ ಪೇಟೆಂಟ್ ಅವಧಿ ಮುಗಿದು ಗೇಟ್ ತೆರೀತು. ಕೊಲೆಯನ್ನ ಯಾರೂ ಸಮರ್ಥಿಸಲ್ಲ. ಆದರೆ ಸಿಟ್ಟು ಎಲ್ಲಿಂದ ಬಂತು ಅಂತ ಅರ್ಥ ಆಗುತ್ತೆ. ಔಷಧಿ ಪೇಟೆಂಟ್ ಬಗ್ಗೆ ಇವತ್ತು ನಾವು ಆಡೋ ಜಗಳವೂ ಇದೇ ಅಲ್ವಾ?

ಬ್ಯಾಂಡ್ ಬಾರಿಸಿ ಹಲ್ಲು ಕಿತ್ತವನು

ಇಷ್ಟು ಓದಿ ಮುಂದಿನ ಭಾನುವಾರ ಗ್ಯಾಂಗ್ ಮುಂದೆ ಒಪ್ಪಿಸಿದೆ. ಎಲ್ಲರಿಗೂ ಇಷ್ಟವಾದದ್ದು ಎಡ್ಗರ್ ಪಾರ್ಕರ್ ಕಥೆ. ಕೆನಡಾದಲ್ಲಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಡಿಗ್ರಿ ಪಡೆದ ಈತ ಬೀದಿಯಲ್ಲಿ ಬ್ಯಾಂಡ್ ಸೆಟ್ ಇಟ್ಟುಕೊಂಡು ಹಲ್ಲು ಕೀಳುತ್ತಿದ್ದ. ಬ್ಯಾಂಡಿನಿಂದ ಎರಡು ಲಾಭ. ಜನ ಸೇರ್ತಾರೆ, ರೋಗಿ ಕಿರುಚಿದರೆ ಯಾರಿಗೂ ಕೇಳಲ್ಲ. ನೋವಿಲ್ಲದ ಪಾರ್ಕರ್ ಅನ್ನೋದು ಅವನ ಬೋರ್ಡು. ಸುಳ್ಳು ಜಾಹೀರಾತು ಅಂತ ತಕರಾರು ಬಂದಾಗ 1915ರಲ್ಲಿ ತನ್ನ ಹೆಸರನ್ನೇ ಕಾನೂನು ಪ್ರಕಾರ ಪೇನ್‌ಲೆಸ್ ಪಾರ್ಕರ್ ಅಂತ ಬದಲಿಸಿಕೊಂಡ! 357 ಹಲ್ಲುಗಳನ್ನ ಪೋಣಿಸಿದ ಹಾರ ಹಾಕ್ಕೊಂಡು, ಇಷ್ಟೂ ಒಂದೇ ದಿನ ಕಿತ್ತದ್ದು ಅಂತ ಹೇಳಿಕೊಳ್ಳುತ್ತಿದ್ದ.

"ಅಂದ್ರೆ ನಮ್ಮ ಬ್ಯಾಂಡಿಗೂ ಒಂದು ಕೆಲಸ ಇದೆ," ಅಂದ ತಬಲಾ.

ಸ್ಯಾಕ್ಸ್ ನಗಲಿಲ್ಲ. ವಯಲಿನ್ ಅವನ ಪಕ್ಕ ಹೋಗಿ ಕೂತಳು. "ನೋಡು, ಕೀಳೋದು ಈಗ ಕೊನೇ ದಾರಿ. ಹಲ್ಲಿನ ಒಳಗೆ ನರ, ರಕ್ತನಾಳ ಇರೋ ಮೆತ್ತನೆ ಭಾಗ ಇರುತ್ತೆ. ಅದಕ್ಕೆ ಸೋಂಕಾದ್ರೆ ಅಷ್ಟನ್ನ ತೆಗೆದು, ಒಳಗೆ ಕ್ಲೀನ್ ಮಾಡಿ, ತುಂಬಿ ಮುಚ್ತೀವಿ. ರೂಟ್ ಕೆನಾಲ್ ಅಂದ್ರೆ ಇಷ್ಟೇ. ಹಲ್ಲು ಅಲ್ಲೇ ಇರುತ್ತೆ. ಆದ್ರೆ ನೀನು ಹೀಗೇ ಮಾತ್ರೆ ನುಂಗ್ತಾ ತಳ್ಳಿದ್ರೆ, ಉಳಿಸೋಕೆ ಏನೂ ಇರಲ್ಲ. ಆಗ ನಿಮ್ಮ ಅಜ್ಜಿ ಕಥೆಯೇ ಆಗೋದು."

ಅವನು ಕೇಳಿದ್ದು ಒಂದೇ ಪ್ರಶ್ನೆ. "ಮೌತ್‌ಪೀಸ್ ತಗೊಂಡು ಬರ್ಲಾ?"

"ತಪ್ಪದೆ ತಗೊಂಡು ಬಾ. ಹೇಗೆ ಕಚ್ತೀಯ ಅಂತ ನೋಡಿದ್ರೆ ತಾನೇ ಗೊತ್ತಾಗೋದು."

ಅವಳು ಕೆಲಸ ಮಾಡೋ ಕ್ಲಿನಿಕ್ಕಿಗೇ ಹೋದ. ಹಲ್ಲು ಉಳೀತು. ಕ್ಯಾಪ್ ಹಾಕೋ ಮುಂಚೆ ಅಲ್ಲಿನ ಹಿರಿಯ ಡಾಕ್ಟರು ಮೌತ್‌ಪೀಸ್ ಕಚ್ಚಿಸಿ ನೋಡಿದರಂತೆ. ಊರಿನ ಮದುವೆಯಲ್ಲಿ ಅವನು ಎರಡೇ ಹಾಡು ನುಡಿಸಿದ, ಉಳಿದದ್ದನ್ನ ಅವನ ಮಾವ ನುಡಿಸಿದರು. ವಿಡಿಯೋ ಗ್ರೂಪಲ್ಲಿದೆ. ಎರಡನೇ ಹಾಡಿನಲ್ಲಿ ಶ್ರುತಿ ಒಂಚೂರು ಜಾರಿದೆ, ಅದಕ್ಕೆ ಹಲ್ಲು ಕಾರಣ ಅಲ್ಲ ಅಂತ ನಾವೆಲ್ಲ ಒಪ್ಪಿದ್ದೀವಿ.

1930ರ ದಶಕದ ಕೊನೆಯಿಂದ ಅಕ್ರಿಲಿಕ್ ಬಂದು ವಲ್ಕನೈಟನ್ನ ಹಲ್ಲಿನ ಸೆಟ್ಟಿನಿಂದ ಹೊರಗೆ ಕಳಿಸಿತು. ಎಬೊನೈಟ್ ಉಳಿದದ್ದು ವಾದ್ಯ ಊದುವವರ ಬಾಯಲ್ಲಿ. ನಿಮ್ಮಲ್ಲಿ ಯಾರಾದ್ರೂ ಕ್ಲಾರಿನೆಟ್ಟೋ ಸ್ಯಾಕ್ಸೊಫೋನೋ ನುಡಿಸೋರಿದ್ರೆ ಒಂದು ಮಾತು, ತಣ್ಣೀರಲ್ಲಿ ತೊಳೀರಿ, ಬಿಸಿಲಲ್ಲಿ ಇಡಬೇಡಿ. ಹಲ್ಲು ನೋವು ಇಟ್ಟುಕೊಂಡು ಓಡಾಡ್ತಿರೋರಿದ್ರೆ, ಈ ಎಪಿಸೋಡನ್ನ ಡಾಕ್ಟರ ವೇಟಿಂಗ್ ರೂಮಲ್ಲಿ ಕೂತು ಇನ್ನೊಂದ್ಸಲ ಕೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.