ಕೂಸಿನ ವಿಮಾನಯಾನ ಶುರುವಾಗುವುದು ಪಿ.ಬಿ. ರಸ್ತೆಯಲ್ಲಿ

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಆದರೂ ಈ ಊರಿನಿಂದ, ಪಕ್ಕದ ಹರಿಹರದಿಂದ ವಿಮಾನ ಹತ್ತುವ ಕೂಸುಗಳಿಗೇನೂ ಕಡಿಮೆಯಿಲ್ಲ. ಬಾಣಂತನಕ್ಕೆಂದು ತವರಿಗೆ ಬಂದ ಮಗಳು ಮೂರು ತಿಂಗಳಿಗೋ ಐದು ತಿಂಗಳಿಗೋ ಕೂಸನ್ನೆತ್ತಿಕೊಂಡು ದೆಹಲಿಗೋ ದುಬೈಗೋ ಡಲ್ಲಾಸ್‌ಗೋ ಹೊರಡುತ್ತಾಳೆ. ಅಲ್ಲೇ ಹುಟ್ಟಿದ ಮೊಮ್ಮಕ್ಕಳು ಜವಳ ತೆಗೆಸಲು, ಮನೆದೇವರಿಗೆ ತೋರಿಸಲು ಇಲ್ಲಿಗೆ ಬರುತ್ತಾರೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ನಿಲ್ದಾಣ, ಹುಬ್ಬಳ್ಳಿ ನಿಲ್ದಾಣ ಎರಡೂ ಹತ್ತಿರವೇ. ಆದರೆ ಹೊರದೇಶಕ್ಕೆ ಹೋಗುವವರಲ್ಲಿ ಬಹುಪಾಲು ಜನ ಹಿಡಿಯುವುದು ರಾಷ್ಟ್ರೀಯ ಹೆದ್ದಾರಿ 48ನ್ನೇ: ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ. ನಡುವೆ ಒಂದೆರಡು ಕಡೆ ನಿಂತರೆ ಐದು ಗಂಟೆಯ ದಾರಿ.

ಹೊರಡುವ ವಾರ ಮನೆಯ ಚಿಂತೆಯೆಲ್ಲ ವಿಮಾನದ ಸುತ್ತಲೇ ಇರುತ್ತದೆ. ಕಿವಿ ನೋಯುತ್ತದಾ, ಹಾಲು ಒಯ್ಯಲು ಬಿಡುತ್ತಾರಾ, ಅತ್ತರೆ ಪಕ್ಕದವರು ಏನಂದುಕೊಂಡಾರು? ಹೆದ್ದಾರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕಾರು ಬಾಗಿಲಿಗೆ ಬಂದಾಗ ತಾಯಿ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ಕೂಸು ಅವಳ ತೊಡೆಯ ಮೇಲೆ. ಇಲ್ಲವೇ ಅಜ್ಜ ಮುಂದಿನ ಸೀಟಿನಲ್ಲಿ, ಕೂಸು ಅಜ್ಜನ ಎದೆಗೆ. ಮಕ್ಕಳ ಸೀಟಿನ ಮಾತು ಎತ್ತಿದರೆ ಅಜ್ಜಿಯ ಉತ್ತರ ಸಿದ್ಧವಾಗಿರುತ್ತದೆ: "ನಿಮ್ಮನ್ನೆಲ್ಲ ಹಂಗೇ ಎತ್ಕಂಡು ಬರಲಿಲ್ಲೇನು? ತಾಯಿ ತೊಡಿಗಿಂತ ಗಟ್ಟಿ ಜಾಗ ಯಾವುದೈತೆ?"

ಆ ಮಾತಿನಲ್ಲಿರುವ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಎದುರಿನ ಲಾರಿಗೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನೋಣ. ಆ ಕ್ಷಣ ಒಳಗಿರುವ ಪ್ರತಿಯೊಂದೂ ತನ್ನ ತೂಕದ ಸುಮಾರು 28 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಆರು ಕಿಲೋ ಕೂಸನ್ನು ತಡೆಯಲು 170 ಕಿಲೋ ಎತ್ತುವಷ್ಟು ಬಲ ಬೇಕು. ತುಂಬಿದ ಎರಡು ಭತ್ತದ ಚೀಲಗಳನ್ನು ಒಮ್ಮೆಗೇ ತೋಳಲ್ಲಿ ಹಿಡಿದಂತೆ. ಅದು ಯಾವ ತಾಯಿಯ ಕೈಯಲ್ಲೂ ಆಗದ ಕೆಲಸ. ತಾಯಿ ಬೆಲ್ಟ್ ಹಾಕಿಲ್ಲದಿದ್ದರಂತೂ ಅವಳ ಮೈಭಾರವೂ ಕೂಸಿನ ಮೇಲೆಯೇ ಬೀಳುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 61,038 ಜನ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಜೀವ ಬಿಟ್ಟವರು. ಅದೇ ವರ್ಷ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ, ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂರುವ ನಮ್ಮ ರೂಢಿಯ ಬಗ್ಗೆ ಕೆಲವು ದಿನ ದೇಶವೆಲ್ಲ ಮಾತಾಡಿತು, ಆಮೇಲೆ ಮರೆತಿತು. ಕಾನೂನು ಮಾತ್ರ ಪುಸ್ತಕದಲ್ಲಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ. ಈ ದಂಡ ಕಟ್ಟಿದವರು ಎದುರಿಗೆ ಸಿಗುವುದು ಅಪರೂಪ.

ಹಾಗಾಗಿ ವಿಮಾನಕ್ಕೆ ಮಕ್ಕಳ ಕಾರ್ ಸೀಟ್ ಒಯ್ಯಬೇಕೇ ಬೇಡವೇ ಎಂಬ ಪ್ರಶ್ನೆಗೆ ದಾವಣಗೆರೆಯವರ ಮಟ್ಟಿಗೆ ಮೊದಲ ಉತ್ತರ ಕಾರಿನಲ್ಲೇ ಇದೆ. ವಿಮಾನದೊಳಗೆ ಬಳಸುತ್ತೀರೋ ಬಿಡುತ್ತೀರೋ, ದಾವಣಗೆರೆಯ ಪಿ.ಬಿ. ರಸ್ತೆಯಿಂದ ದೇವನಹಳ್ಳಿಯವರೆಗೆ ಅದು ಬೇಕೇ ಬೇಕು.

ಸೀಟು ತಂದರಷ್ಟೇ ಸಾಲದು, ಕೂರಿಸುವ ಜಾಗವೂ ಸಿಗಬೇಕು. ಬಾಡಿಗೆ ಕಾರುಗಳ ಹಿಂದಿನ ಸೀಟಿಗೆ ಹೊಲಿಸಿ ಹಾಕಿದ ರೆಕ್ಸಿನ್ ಕವರಿನ ಅಡಿಯಲ್ಲಿ ಬೆಲ್ಟಿನ ಬಕಲ್ ಹೂತುಹೋಗಿರುತ್ತದೆ. ಹೊಸ ಕಾರುಗಳಲ್ಲಿ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಎರಡು ಕಬ್ಬಿಣದ ಸರಳುಗಳಿರುತ್ತವೆ. ಮಕ್ಕಳ ಸೀಟಿನ ಕೊಕ್ಕೆ ಕಚ್ಚಿಕೊಳ್ಳಲೆಂದೇ ಇಟ್ಟ ಇವಕ್ಕೆ ಐಸೋಫಿಕ್ಸ್ ಎನ್ನುತ್ತಾರೆ. ಕವರು ಅವನ್ನೂ ಮುಚ್ಚಿರುತ್ತದೆ. ಹೊರಡುವ ಗಳಿಗೆಯಲ್ಲಿ, ರಾಹುಕಾಲ ಬರುತ್ತದೆಂದು ಎಲ್ಲರೂ ಅವಸರಿಸುವಾಗ, ಇದನ್ನು ಹುಡುಕುವುದು ಆಗದ ಮಾತು. ಹಿಂದಿನ ದಿನವೇ ಕಾರು ತರಿಸಿ, ಕವರು ಬಿಚ್ಚಿಸಿ, ಸೀಟು ಕಟ್ಟಿ ನೋಡಬೇಕು. ಕಟ್ಟಿದ ಮೇಲೆ ಬುಡದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.

ಎಳೆಗೂಸು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಬೇಕು. ಹುಟ್ಟಿದ ಕೂಸಿನ ತಲೆ ಮೈಯುದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತು ಇನ್ನೂ ಎಳಸು. ಮುಂದಕ್ಕೆ ಮುಖವಿದ್ದು ಕಾರು ಗುದ್ದಿದರೆ ಆ ಭಾರವೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಮುಖವಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಯುರೋಪಿನ ಹೊಸ ನಿಯಮ ಕನಿಷ್ಠ 15 ತಿಂಗಳವರೆಗೆ ಹೀಗೆಯೇ ಕೂರಿಸಬೇಕೆನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಸೀಟಿನ ಮಿತಿ ಇರುವಷ್ಟೂ ದಿನ ಹೀಗೇ ಇರಲಿ ಎನ್ನುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಂತೂ ಇದನ್ನು ಎಂದಿಗೂ ಕಟ್ಟಬಾರದು. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಸೀಟಿನ ಬೆನ್ನಿಗೇ, ಅಂದರೆ ಕೂಸಿನ ತಲೆಯ ಹಿಂದೆಯೇ, ಅಪ್ಪಳಿಸುತ್ತದೆ.

ಇನ್ನು ಕುಲಾವಿ, ಸ್ವೆಟರು, ಮೇಲೊಂದು ಉಣ್ಣೆಯ ಶಾಲು. ಬಾಣಂತಿ ಕೋಣೆಯಿಂದ ಹೊರಬಂದ ಕೂಸನ್ನು ಗಾಳಿ ತಾಗದಂತೆ ಸುತ್ತಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಹಾಗೆ ಸುತ್ತಿದ ಕೂಸಿಗೆ ಬೆಲ್ಟ್ ಬಿಗಿದರೆ ಬಿಗಿಯಾಗಿರುವಂತೆ ಕಾಣುತ್ತದೆ, ನಿಜದಲ್ಲಿ ಬಟ್ಟೆಯ ದಪ್ಪಕ್ಕಷ್ಟೇ ಬಿಗಿದಿರುತ್ತದೆ. ತೆಳುವಾದ ಬಟ್ಟೆಯಲ್ಲಿ ಕೂರಿಸಿ, ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿದರೆ ಮಡಿಕೆ ಬರದಷ್ಟು ಬಿಗಿದು, ಆಮೇಲೆ ಶಾಲನ್ನು ಮೇಲೆ ಹೊದಿಸಬೇಕು. ಅಜ್ಜಿಗೂ ಸಮಾಧಾನ, ಕೂಸಿಗೂ ಬೆಚ್ಚಗೆ. ಎಳೆಗೂಸನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಸೀಟಿನಲ್ಲಿ ಬಿಡಬಾರದು. ಗದ್ದ ಎದೆಗೆ ಬಾಗಿದರೆ ಉಸಿರಾಟಕ್ಕೆ ತೊಡಕು. ಹಿರಿಯೂರು ದಾಟುವ ಹೊತ್ತಿಗೊಮ್ಮೆ, ತುಮಕೂರಿನ ಬಳಿ ಮತ್ತೊಮ್ಮೆ ಇಳಿಸಿ, ಹಾಲು ಕುಡಿಸಿ, ಬಟ್ಟೆ ಬದಲಿಸಿ ಹೊರಡುವುದು ಒಳ್ಳೆಯದು.

ರೈಲಿನ ದಾರಿಯೂ ಇದೆ. 2023ರ ಜೂನ್ 27ರಿಂದ ಓಡುತ್ತಿರುವ ಧಾರವಾಡ–ಬೆಂಗಳೂರು ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಕೂಸಿನ ಮಟ್ಟಿಗೆ ಹೆದ್ದಾರಿಗಿಂತ ಇದೇ ನೆಮ್ಮದಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೆಂಗಳೂರಿನಲ್ಲಿ ಇಳಿದ ಮೇಲೆ ದೇವನಹಳ್ಳಿಗೆ ಮತ್ತೆ ಕಾರು ಹತ್ತಲೇಬೇಕು, ಅಲ್ಲಿಗೂ ಸೀಟು ಜೊತೆಗಿರಬೇಕು.

ಕಾಗದಪತ್ರದ ಕೆಲಸ ಈಗ ಮೊದಲಿನಷ್ಟು ತ್ರಾಸಿಲ್ಲ. ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಫೋಟೊ ತೆಗೆಸಿ ಒಯ್ಯಬೇಕು. ಕಾಡಿಗೆಯ ಬೊಟ್ಟು ಅಳಿಸಿ, ಕಣ್ಣು ಬಿಟ್ಟಿರುವಾಗ ತೆಗೆದರೆ ತಕರಾರಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಜನನ ಪ್ರಮಾಣಪತ್ರ ಕೈಯಲ್ಲಿರಲಿ. ವಿಮಾನದಲ್ಲಿ ಎರಡು ವರ್ಷ ತುಂಬುವವರೆಗೆ ಕೂಸು ತೊಡೆಯ ಮೇಲೆ ಕೂರಬಹುದು, ತುಂಬಿದ ದಿನದಿಂದ ಪೂರ್ತಿ ಸೀಟು ಕೊಳ್ಳಬೇಕು. ಹೋಗುವಾಗ ಎರಡರೊಳಗೆ, ಬರುವಾಗ ಎರಡು ದಾಟಿದ್ದರೆ ಬರುವ ಟಿಕೆಟ್‌ಗೆ ಸೀಟು ಬೇಕಾಗುತ್ತದೆ. ಭದ್ರತಾ ತಪಾಸಣೆಯಲ್ಲಿ ಕೂಸನ್ನು ಎತ್ತಿಕೊಂಡು ಖಾಲಿ ಸೀಟನ್ನು ಎಕ್ಸ್‌ರೇ ಯಂತ್ರಕ್ಕೆ ಕೊಡಬೇಕು. ದಾರಿಗೆ ಬೇಕಾಗುವಷ್ಟು ಹಾಲು, ಗಂಜಿಗೆ 100 ಮಿ.ಲೀ. ಮಿತಿ ಅಡ್ಡ ಬರುವುದಿಲ್ಲ.

ವಿಮಾನದೊಳಗೆ ಕೂಸಿಗೆ ತೊಡೆಯೋ ಬೇರೆ ಸೀಟೋ ಎಂಬ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. 1989ರ ಜುಲೈ 19ರಂದು ಡೆನ್ವರ್‌ನಿಂದ ಷಿಕಾಗೋಗೆ ಹೊರಟ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ ಸಿಡಿದು, ನಿಯಂತ್ರಣದ ಹೈಡ್ರಾಲಿಕ್ ವ್ಯವಸ್ಥೆಯೇ ಕೈಕೊಟ್ಟಿತು. ಅದು ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿತು. ಒಳಗಿದ್ದ 296 ಜನರಲ್ಲಿ 112 ಜನ ಸತ್ತರು. ತೊಡೆಯ ಮೇಲೆ ಪ್ರಯಾಣಿಸುತ್ತಿದ್ದ ನಾಲ್ವರು ಮಕ್ಕಳಿದ್ದರು. ಮುಖ್ಯ ಗಗನಸಖಿ ಜಾನ್ ಬ್ರೌನ್ ಆಗಿನ ಕೈಪಿಡಿಯಲ್ಲಿದ್ದಂತೆಯೇ, ಮಕ್ಕಳನ್ನು ಕಾಲಬುಡದಲ್ಲಿ ನೆಲದ ಮೇಲಿಟ್ಟು ಹಿಡಿದುಕೊಳ್ಳಲು ಹೆತ್ತವರಿಗೆ ಹೇಳಿದರು. ಮೂವರು ಉಳಿದರು, ಒಂದು ಮಗು ಉಳಿಯಲಿಲ್ಲ. ಬ್ರೌನ್ ಅಲ್ಲಿಂದಾಚೆ ಪ್ರತಿ ಕೂಸಿಗೂ ಬೇರೆ ಸೀಟು ಕಡ್ಡಾಯವಾಗಲೆಂದು ವರ್ಷಗಟ್ಟಲೆ ಹೋರಾಡಿದರು.

ಕಡ್ಡಾಯವಾಗಲಿಲ್ಲ. 2005ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಕೊಟ್ಟ ಕಾರಣ ದಾವಣಗೆರೆಯವರೂ ಕಿವಿಗೊಡಬೇಕಾದ್ದು: ಕೂಸಿಗೂ ಟಿಕೆಟ್ ಕೊಳ್ಳಲೇಬೇಕೆಂದರೆ ಎಷ್ಟೋ ಕುಟುಂಬಗಳು ವಿಮಾನ ಬಿಟ್ಟು ಕಾರು ಹಿಡಿಯುತ್ತವೆ, ರಸ್ತೆಯಲ್ಲಿ ಸಾಯುವ ಸಂಭವ ಆಕಾಶಕ್ಕಿಂತ ಎಷ್ಟೋ ಹೆಚ್ಚು. ಆದರೂ ಕೂಸಿಗೆ ಅತ್ಯಂತ ಭದ್ರ ಜಾಗ ತೊಡೆಯಲ್ಲ, ಪ್ರಮಾಣಿತ ಸೀಟು ಎಂಬುದು ಅದೇ ಆಡಳಿತದ ಸಲಹೆ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಗೋಡೆಯ ಒಂದು ಭಾಗ ಹಾರುವಾಗಲೇ ಕಿತ್ತುಹೋಯಿತು. ಒಳಗೆ ತೊಡೆಯ ಮೇಲಿದ್ದ ಮೂರು ಕೂಸುಗಳಿದ್ದವು. ಅದೇ ವರ್ಷ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟ ವಿಮಾನ ಮ್ಯಾನ್ಮಾರ್ ಮೇಲೆ ಗಾಳಿಯ ಕುಲುಕಾಟಕ್ಕೆ ಸಿಕ್ಕು ಐದು ಸೆಕೆಂಡಿನೊಳಗೆ 178 ಅಡಿ ಕುಸಿಯಿತು. ಬೆಲ್ಟ್ ಹಾಕದವರು ಚಾವಣಿಗೆ ಬಡಿದರು.

ನಮ್ಮ ವಿಮಾನಗಳಲ್ಲಿ ತಾಯಿಯ ಬೆಲ್ಟಿಗೆ ಪೋಣಿಸುವ ಸಣ್ಣ ಬೆಲ್ಟೊಂದನ್ನು ಕೂಸಿಗೆ ಕೊಡುತ್ತಾರೆ. ಯುರೋಪಿನಲ್ಲೂ ಇದೇ ರೂಢಿ. ಆದರೆ ಅಮೆರಿಕ ಇದನ್ನು ಒಪ್ಪುವುದಿಲ್ಲ. ಜೋರಾಗಿ ಗುದ್ದಿದಾಗ ದೊಡ್ಡವರ ಮೈ ಕೂಸಿನ ಮೇಲೆ ಮಡಚಿಕೊಳ್ಳುತ್ತದೆ ಎಂಬುದು ಆ ದೇಶದ ವಾದ.

ಹಾಗಾದರೆ ಮಾಡುವುದೇನು? ಬೆಂಗಳೂರಿನಿಂದ ದೆಹಲಿಯ ಎರಡೂವರೆ ಮೂರು ಗಂಟೆಗೆ ತೊಡೆಯೇ ಸಾಕೆಂದರೆ ತಪ್ಪೇನಿಲ್ಲ. ಇಪ್ಪತ್ತು ಗಂಟೆ ದಾಟುವ ಅಮೆರಿಕದ ಪಯಣಕ್ಕೆ ಕೈಲಾದವರು ಕೂಸಿಗೂ ಟಿಕೆಟ್ ಕೊಂಡು ಕಾರ್ ಸೀಟ್ ಕಟ್ಟುವುದು ಮೇಲು. ಕೂಸು ನಿದ್ದೆ ಮಾಡುತ್ತದೆ, ತಾಯಿಯ ತೋಳೂ ಉಳಿಯುತ್ತದೆ. ಕೊಳ್ಳುವಾಗಲೇ ಸೀಟಿನ ಅಗಲ ಹೇಳಿ ವಿಮಾನ ಕಂಪನಿಯ ಒಪ್ಪಿಗೆ ಪಡೆಯಬೇಕು. ಕಿಟಕಿ ಪಕ್ಕದ ಜಾಗವೇ ಬೇಕು, ಇತರರು ಹೊರಬರುವ ದಾರಿಗೆ ಅಡ್ಡವಾಗಬಾರದು. ತುರ್ತು ಬಾಗಿಲಿನ ಸಾಲಿನಲ್ಲಿ ಕೊಡುವುದಿಲ್ಲ. ದೂರದ ವಿಮಾನಗಳ ಗೋಡೆಗೆ ತೂಗುಹಾಕುವ ತೊಟ್ಟಿಲು, ಅಂದರೆ ಬ್ಯಾಸಿನೆಟ್, ಹಗುರ ಕೂಸುಗಳಿಗೆ ಅನುಕೂಲವೇ. ಆದರೆ ಏರುವಾಗ, ಇಳಿಯುವಾಗ ಅದರಿಂದ ಎತ್ತಿಕೊಳ್ಳಲೇಬೇಕು.

ಕಾರ್ ಸೀಟಿನ ಒಂದು ತೊಂದರೆಯನ್ನೂ ಹೇಳಬೇಕು. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರಿ ಕೂಸಿನ ಕಿವಿ ನೋಯುತ್ತದೆ, ಏನನ್ನಾದರೂ ನುಂಗುತ್ತಿದ್ದರೆ ಕಿವಿ ತೆರೆದುಕೊಳ್ಳುತ್ತದೆ. ಸೀಟಿನಲ್ಲಿ ಕಟ್ಟಿದ ಕೂಸಿಗೆ ಎದೆಹಾಲು ಕೊಡಲಾಗದು. ಹಿಂಡಿಟ್ಟ ಹಾಲನ್ನು ಬಾಟಲಿಯಲ್ಲೋ, ರೂಢಿಯಿದ್ದರೆ ಒಳಲೆಯಲ್ಲೋ ಕೊಡಬೇಕಾಗುತ್ತದೆ. ಇಳಿಯಲು ಅರ್ಧ ಗಂಟೆ ಇರುವಾಗಲೇ ಶುರುಮಾಡಿದರೆ ಒಳಿತು.

ಹೊರದೇಶಕ್ಕೆ ಹೋಗುವವರು ಸೀಟು ಕೊಳ್ಳುವ ಮುನ್ನ ಅದರ ಚೀಟಿ ಓದಬೇಕು. ಇಲ್ಲಿ ಮಾರುವ ಸೀಟುಗಳು ಭಾರತದ ಎಐಎಸ್-072 ಅಥವಾ ಯುರೋಪಿನ ಮಾನದಂಡಕ್ಕೆ ತಕ್ಕವು. ಅಮೆರಿಕ, ಕೆನಡಾ ರಸ್ತೆಗಳಲ್ಲಿ ನಡೆಯುವುದಿಲ್ಲ. ಅಮೆರಿಕದ ಸೀಟು ಕೆನಡಾದಲ್ಲೂ ಸಲ್ಲುವುದಿಲ್ಲ, ಅಲ್ಲಿನ ಸುರಕ್ಷತಾ ಮುದ್ರೆಯೇ ಬೇಕು. ಅಮೆರಿಕದ ಸೀಟುಗಳ ಮೇಲೆ ಮೋಟಾರು ವಾಹನ ಮತ್ತು ವಿಮಾನ ಎರಡಕ್ಕೂ ಪ್ರಮಾಣಿತ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೆ ವಿಮಾನದಲ್ಲಿ ಕಟ್ಟಬಹುದು.

ಅಲ್ಲಿಂದ ರಜೆಗೆ ಹರಿಹರಕ್ಕೆ ಬರುವವರದು ತಿರುಗುಮುರುಗು ಸಮಸ್ಯೆ. ಅಲ್ಲಿನ ಕಾರುಗಳ ಬೆಲ್ಟ್ ಪೂರ್ತಿ ಎಳೆದರೆ ಬಿಗಿಯಾಗಿ ನಿಂತುಬಿಡುತ್ತದೆ. ಇಲ್ಲಿನ ಹೆಚ್ಚಿನ ಕಾರುಗಳ ಬೆಲ್ಟ್ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲವೇ. ಹಾಗಾಗಿ ಬೆಲ್ಟಿನಿಂದ ಕಟ್ಟುವುದಾದರೆ ಸೀಟಿನಲ್ಲೇ ಬೆಲ್ಟ್ ಹಿಡಿದಿಡುವ ಕ್ಲಿಪ್ ಇದೆಯೇ ನೋಡಿಕೊಳ್ಳಬೇಕು. ಐಸೋಫಿಕ್ಸ್ ಸರಳಿರುವ ಕಾರಾದರೆ ಅಮೆರಿಕದ ಸೀಟಿನ ಕೊಕ್ಕೆಗಳು ಅದಕ್ಕೆ ಸರಿಹೊಂದುತ್ತವೆ. ಸೀಟನ್ನು ಲಗೇಜಿಗೆ ಹಾಕುವವರು ದಪ್ಪ ಚೀಲದಲ್ಲಿ ಕಟ್ಟಿ, ಇಳಿದ ಕೂಡಲೇ ಬಿಚ್ಚಿ ಬಿರುಕು ನೋಡಬೇಕು. ಇನ್ನು ದೇವನಹಳ್ಳಿಗೆ ಕರೆತರಲು ಹೋಗುವ ಮಾವನೋ ಚಿಕ್ಕಪ್ಪನೋ ಹರಿಹರ ಬಿಡುವ ಮೊದಲೇ ತಮ್ಮ ಕಾರಿನ ಹಿಂದಿನ ಸೀಟಿನ ಕವರು ತೆಗೆದಿಟ್ಟರೆ, ರಾತ್ರಿ ಎರಡಕ್ಕೆ ಇಳಿದು ದಣಿದ ತಾಯಿ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಬಕಲ್ ಹುಡುಕುತ್ತ ನಿಲ್ಲಬೇಕಾಗುವುದಿಲ್ಲ.