ಕಪಾಟಿಗೆ ಕಾಲು ಕೂರಿಸುವ ಕ್ರಮ

ಮಾಡ್ಯುಲರ್ ಕಪಾಟನ್ನು ನೇರವಾಗಿ ನೆಲದ ಮೇಲೆ ಕೂರಿಸಬೇಡಿ. ನೆಲ ಒರೆಸುವಾಗ ನೀರು ತಾಗಿ ಪಾರ್ಟಿಕಲ್ ಬೋರ್ಡ್ ಊದಿಕೊಳ್ಳುತ್ತದೆ.

ಅಡುಗೆಮನೆಗೆ ಎತ್ತರ ಹೊಂದಿಸಬಹುದಾದ ಪ್ಲಾಸ್ಟಿಕ್ ಕಾಲು ಆರಿಸಿ. ತುಕ್ಕಿನ ಚಿಂತೆ ಇಲ್ಲ. 100 ಮಿಲಿಮೀಟರ್ ಎತ್ತರವಿದ್ದರೆ ಕಸಪೊರಕೆಯೂ ಮಾಪೂ ಸಲೀಸಾಗಿ ಅಡಿಗೆ ಹೋಗುತ್ತವೆ.

ತಳದ ಹಲಗೆ 18 ಮಿಲಿಮೀಟರ್ ದಪ್ಪವೇ? 16 ಮಿಲಿಮೀಟರ್ ಸ್ಕ್ರೂ ಸಾಕು. ಉದ್ದದ್ದು ಹಾಕಿದರೆ ಮೊನೆ ಕಪಾಟಿನೊಳಗೆ ಹೊರಬರುತ್ತದೆ.

ಪಕ್ಕದ ಹಲಗೆಗಳ ಕೆಳಗೇ ಕಾಲು ಬರಲಿ. ಭಾರ ಇಳಿಯುವುದು ಅಲ್ಲಿಂದಲೇ. ಅಗಲ 3 ಅಡಿ ಮೀರಿದರೆ ನಡುವೆಯೂ ಆಸರೆ ಕೊಡಿ.

ಈಗ ಕಪಾಟನ್ನು ನಿಲ್ಲಿಸಿ, ಮೇಲೆ ರಸಮಟ್ಟ ಇಡಿ. ಕಾಲುಗಳನ್ನು ತಿರುಗಿಸುತ್ತಾ ಗುಳ್ಳೆಯನ್ನು ನಡುವಿಗೆ ತನ್ನಿ. ಮಟ್ಟ ತಪ್ಪಿದರೆ ಬಾಗಿಲುಗಳು ಓರೆಯಾಗುತ್ತವೆ.

ಎತ್ತರದ ಕಪಾಟನ್ನು ಗೋಡೆಗೂ ಬಿಗಿಯಿರಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬೇಡಿ.